ವಸ್ತ್ರದ ಕೆಳಗಿನ ಕೈ

ಸಾಂಗಲಿ,
೨೦ ಜನವರಿ ೧೯೯೮

ಪ್ರಿಯ ಜಿನೂ,

ಜಯ ಜಿನೇಂದ್ರ.

ನೋಡು, ಮೊದಲ ಸಾಲಿನಲ್ಲೇ ಸೋತೆ. ನಮ್ಮ ಸಮಾಜದವರು ಎದುರಾದವರಿಗೆಲ್ಲ ಹೀಗೇ ನಮಸ್ಕಾರ ಹೇಳಬೇಕು. ನಿನ್ನ ತಂದೆ ತಾಯಿ ಬಹಳ ದೂರಾಲೋಚನೆಯಿಂದ ನಿನಗೆ ಅದೇ ಹೆಸರಿಟ್ಟರು. ಹೀಗಾಗಿ ಬೆಳಿಗ್ಗೆ ಮಾರ್ಕೆಟ್ ಯಾರ್ಡಿಗೆ ಹೋಗಿ ಅಂಗಡಿಯ ಗಾದಿಯ ಮೇಲೆ ಕೂರುವಷ್ಟರಲ್ಲಿ, ಮೊದಲ ಚಹಾ ಗಂಟಲಿಳಿಯುವ ಮುನ್ನವೇ, ನಾನು ಹತ್ತಾರು ಸಲ ನಿನಗೆ ಜಯ ಕೋರಿರುತ್ತೇನೆ. ಡಿಸೆಂಬರಿನಲ್ಲಿ ನೀನು ಕಲಕತ್ತೆಯ ಗಾಲ್ಫ್ ಪಂದ್ಯ ಗೆದ್ದದ್ದು ನಿನ್ನ ತೋಳಿನ ಕಸುವಿನಿಂದ ಎಂದು ಪೇಪರಿನವರು ಬರೆದರು. ಸಾಂಗಲಿಯ ಜೈನರ ಬಾಯಿಯ ಕಸುವು ಅವರಿಗೆ ಗೊತ್ತಿಲ್ಲ.

ನಿನ್ನ ಪತ್ರ ದೀಪಾವಳಿಗೆ ಬಂತು. ಉತ್ತರವನ್ನು ಸಂಕ್ರಾಂತಿ ಕಳೆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸು. ಕೆಲಸವಿತ್ತು ಎನ್ನಬಹುದಿತ್ತು, ಆದರೆ ಹೊಲದ ಅರಿಶಿನ ಇನ್ನೂ ಒಣಗಿಲ್ಲ, ಹೊಸ ಹಳದಿ ಯಾರ್ಡಿಗೆ ಬಂದಿಲ್ಲ, ಅದು ನಿನಗೂ ಗೊತ್ತು. ಮೈಯಲ್ಲಿ ಹುಷಾರಿರಲಿಲ್ಲ ಎನ್ನಬಹುದಿತ್ತು; ಆದರೆ ನೀನು ಫೋನು ಮಾಡಿ ನಮ್ಮ ಅವ್ವನನ್ನು ವಿಚಾರಿಸುತ್ತೀ, ಅವಳು "ಅವಗೇನ ಧಾಡಿ ಆಗೇತಿ, ಕೋಣ ಇದ್ಧಾಂಗ ಅದಾನ" ಎಂದು ಸತ್ಯ ಹೇಳಿಬಿಡುತ್ತಾಳೆ. ಆದ್ದರಿಂದ ನೇರವಾಗಿ ಬರೆಯುತ್ತೇನೆ: ಹೊಟ್ಟೆಕಿಚ್ಚಿನಿಂದ ತಡವಾಯಿತು. ಮಿರಜಿನಲ್ಲಿ ಸಂದಿಗೊಂದು ಆಸ್ಪತ್ರೆ ಇದ್ದರೂ ಈ ರೋಗಕ್ಕೆ ಒಬ್ಬರೂ ವಾರ್ಡು ತೆರೆದಿಲ್ಲ.

ಲಕೋಟೆಯಲ್ಲಿ ಎಳ್ಳುಬೆಲ್ಲದ ಪುಡಿಕೆ ಇದೆ. ತಿಳಗೂಳ ಕೊಟ್ಟವನು ಸಿಹಿ ಮಾತಾಡಬೇಕೆಂಬ ನಿಯಮ ಪಾಲಿಸಲು ಯತ್ನಿಸುತ್ತೇನೆ. ಎಲ್ಲಾದರೂ ಖಾರ ಹತ್ತಿದರೆ ಪುಡಿಕೆ ಬಿಚ್ಚಿ ಒಂದು ಕಾಳು ಬಾಯಿಗೆ ಹಾಕಿಕೊ. ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಕಾರಣವಿದೆ. ನನ್ನ ಹೆಂಡತಿ ಮೃಣಾಲ ಪುಣೆಯವಳು. ಇಷ್ಟು ವರ್ಷದಲ್ಲಿ ಅತ್ತೆಯ ಬೈಗುಳ ತಿಳಿಯುವಷ್ಟು ಕನ್ನಡ ಕಲಿತಿದ್ದಾಳೆ, ಅಕ್ಷರ ಕಲಿತಿಲ್ಲ. ಈ ಪತ್ರ ಅವಳು ಓದುವಂಥದ್ದಲ್ಲ.

ಊರಿನ ಸುದ್ದಿ ಏನೆಂದರೆ, ಊರಿನಲ್ಲಿ ನಿನ್ನದೇ ಸುದ್ದಿ. ನಾನು ತಲೆಗೂದಲು ಕತ್ತರಿಸಿಕೊಳ್ಳುವ ಅಂಗಡಿಯಲ್ಲಿ ಕನ್ನಡಿಯ ಮೇಲೆ ಒಬ್ಬ ನಟಿಯ ಚಿತ್ರವಿತ್ತು. ಅವಳನ್ನು ನೋಡುತ್ತಲೇ ನನ್ನ ಅರ್ಧ ಕೂದಲು ಉದುರಿತು. ಈಗ ಅಲ್ಲಿ ನೀನು ಕೋಲೆತ್ತಿ ನಿಂತಿದ್ದೀ. ಕಣ್ಣು ಮುಚ್ಚಿ ಕೂತರೆ "ನಿದ್ದಿ ಬಂತೇನ್ರಿ ಸಾವಕಾರ್ರ?" ಎಂದು ಕ್ಷೌರಿಕ ಕೇಳುತ್ತಾನೆ. ಸಾಂಗಲಿಗೂ ಮಿರಜಿಗೂ ನಡುವೆ ನಾವು ಸೈಕಲ್ಲು ನಿಲ್ಲಿಸಿ ಕಬ್ಬು ಮುರಿಯುತ್ತಿದ್ದ ಹೊಲಗಳೆಲ್ಲ ಈಗ ಪ್ಲಾಟು. ಎರಡೂರು ಯಾವಾಗ ಒಂದಕ್ಕೊಂದು ಅಂಟಿಕೊಂಡವೋ ಯಾರಿಗೂ ತಿಳಿಯಲಿಲ್ಲ. ಅಲ್ಲೊಬ್ಬ ಬಿಲ್ಡರ್ ನಾಲ್ಕು ಮಜಲಿನ ಕಟ್ಟಡ ಎಬ್ಬಿಸಿ ಅದಕ್ಕೆ 'ಗಾಲ್ಫ್ ಹೈಟ್ಸ್' ಎಂದು ಹೆಸರಿಟ್ಟಿದ್ದಾನೆ. ಗಚ್ಚಿ ಹತ್ತಿ ನೋಡಿದೆ. ಒಂದು ನಾಲೆ, ಎರಡು ಎಮ್ಮೆ, ಇನ್ನೊಬ್ಬ ಬಿಲ್ಡರ್ ಕಂಡರು. ಗಾಲ್ಫ್ ಕಾಣಲಿಲ್ಲ.

ಇದನ್ನೆಲ್ಲ ಸಹಿಸಿಕೊಂಡೆ. ಅವ್ವನನ್ನು ಸಹಿಸುವುದು ಕಷ್ಟವಾಯಿತು. ಕಲಕತ್ತೆಯಲ್ಲಿ ನಿನಗೆ ಕಪ್ಪು ಕೊಟ್ಟದ್ದು ದೀಪ ಹತ್ತಿದ ಮೇಲೆ, ನಮ್ಮವರು ಬಾಯಿಗೆ ಏನೂ ಹಾಕದ ಹೊತ್ತಿನಲ್ಲಿ. ನಿನ್ನ ಕೈಗೆ ಕೇಕಿನ ತಟ್ಟೆ ಕೊಟ್ಟದ್ದು ಟೀವಿಯಲ್ಲಿ ಢಾಳಾಗಿ ಕಾಣಿಸಿತು. "ಅವ್ವಾ, ನೋಡ, ನಿನ್ನ ಜಿನೂ ಹೊತ್ತ ಮುಳುಗಿದ ಮ್ಯಾಲೆ ತಿನ್ನಾಕ ನಿಂತಾನ" ಎಂದೆ. ನಮ್ಮ ಅವ್ವ ಮಾಣಿಕಬಾಯಿಯವರು ಕನ್ನಡಕ ಸರಿ ಮಾಡಿಕೊಂಡು, "ಬರೇ ಹಿಡಕೊಂಡಾನ. ತಿಂದಿಲ್ಲ" ಎಂದು ತೀರ್ಪು ಕೊಟ್ಟರು. ಹೋದ ವರ್ಷ ನಾನು ಕತ್ತಲಾದ ಮೇಲೆ ಒಂದು ಪೇರಲಹಣ್ಣು ಹಿಡಿದುಕೊಂಡಿದ್ದಕ್ಕೆ ಇದೇ ಮಾಣಿಕಬಾಯಿ ಮರುದಿನ ಉಪವಾಸ ಕೂತಿದ್ದರು.

ಇರಲಿ. ನಿನ್ನ ಪತ್ರಕ್ಕೆ ಬರುತ್ತೇನೆ. "ಮಾರ್ಚಿನಲ್ಲಿ ಪುಣೆಯ ಪಂದ್ಯ ಇದೆ, ನನ್ನ ದಿಲ್ಲಿಯ ಕ್ಯಾಡಿ ತಂಗಿಯ ಮದುವೆಗೆ ರಜೆಯ ಮೇಲೆ ಹೋಗುತ್ತಾನೆ, ನೀನು ಬಂದು ನನ್ನ ಚೀಲ ಹೊರು" ಎಂದು ಬರೆದಿದ್ದೀ. ಧನ್ಯನಾದೆ, ಹೆಸರೇ ಧನ್ಯಕುಮಾರ, ಬೇರೆ ಏನಾಗಲಿ? ಅಡಿಗೆಯವಳು ತವರಿಗೆ ಹೋದಾಗ ಸೋಡಚೀಟಿ ಬರೆದುಕೊಟ್ಟು ಬಿಟ್ಟ ಹೆಂಡತಿಯನ್ನು ನಾಲ್ಕು ದಿನ ಒಲೆ ಊದಲು ಕರೆದಂತಾಯಿತು. ಅವಳು ಹೋಗುತ್ತಾಳೋ ಇಲ್ಲವೋ ಎಂಬುದು ಬೇರೆ ಮಾತು. ಕರೆದ ಗಂಡಸಿನ ಧೈರ್ಯವನ್ನು ಮೆಚ್ಚಬೇಕು.

ನಿನಗೆ ಮರೆವು ಹೆಚ್ಚಾಗಿದೆ, ಹಾರ ಬಿದ್ದ ಕೊರಳಿಗೆಲ್ಲ ಹೀಗಾಗುತ್ತದೆ. ಆದ್ದರಿಂದ ನೆನಪು ಮಾಡಿಕೊಡುತ್ತೇನೆ. ಕವಲಾಪುರದ ವಿಮಾನದ ಬಯಲಿಗೆ ವಿಮಾನವೊಂದನ್ನು ಬಿಟ್ಟು ಮಿಕ್ಕೆಲ್ಲ ಬರುತ್ತಿತ್ತು: ಜ್ಯೋತೆಪ್ಪನ ಕುರಿ, ಕಳ್ಳ ಪ್ರೇಮಿಗಳು, ಸ್ಕೂಟರ್ ಕಲಿಯುವವರು, ಕೊನೆಗೆ ಮಿಲಿಟರಿಯಿಂದ ನಿವೃತ್ತರಾದ ಮೇಜರ್ ಬಾಪೂಸಾಹೇಬರು. ಅವರ ಹತ್ತಿರ ಗಾಲ್ಫಿನ ಮೂರು ಹಳೆಯ ಕೋಲು, ಮುಷ್ಟಿ ತುಂಬ ಚೆಂಡು, ಒಂದು ಸೀಟಿ ಇದ್ದವು. ನಾವಿಬ್ಬರೂ ನೆಲ ಅಗೆದು ಚೆಂಡಿನ ಕುಣಿಗೆಂದು ಡಾಲ್ಡಾ ಡಬ್ಬಿ ಹುಗಿದೆವು. ಜ್ಯೋತೆಪ್ಪನ ಕುರಿಗಳು ಡಬ್ಬಿಯ ಸುತ್ತ ಹುಲ್ಲು ಎಷ್ಟು ಚೆನ್ನಾಗಿ ಮೇಯುತ್ತಿದ್ದವೆಂದರೆ, ಬೆಂಗಳೂರಿನ ಕ್ಲಬ್ಬಿನ ಹಸಿರಂಗಳ ನೋಡಿದಾಗ ನಾನು ಮೊದಲು ಹುಡುಕಿದ್ದು ಹಿಕ್ಕೆಯನ್ನು. ನಮ್ಮ ಅಪ್ಪ ಒಮ್ಮೆ ಅಲ್ಲಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ನೋಡಿ, "ಹರಿಪುರದಾಗ ನಾವು ಹಗೇವು ತೋಡಿ ಹಳದಿ ತುಂಬತೀವಿ, ಅದು ವರ್ಷ ಕಳದ ಮ್ಯಾಲೆ ಮಾಲ ಆಗಿ ಹೊರಗ ಬರತೈತಿ. ನೀವು ಚೆಂಡ ಹಾಕತೀರಿ. ಹೊರಗ ಏನ ಬರತೈತಿ?" ಎಂದಿದ್ದ. ಉತ್ತರಕ್ಕೆ ನಾನು ಡಬ್ಬಿಯಿಂದ ಚೆಂಡು ತೆಗೆದು ತೋರಿಸಿದೆ. ನೀನು ಉತ್ತರವೇ ಆಗಿಬಿಟ್ಟೆ.

ಹೊಡೆತದಲ್ಲಿ ಆಗ ನಾನೇ ಮೇಲು. ಇದನ್ನು ಬಾಪೂಸಾಹೇಬರು ಈಗಲೂ ಒಪ್ಪುತ್ತಾರೆ, ಆದರೆ ಹಿಂದೆಯೇ "ಧನ್ಯಾ ಚೆಂಡ ದೂರ ಹೊಡೀತಿದ್ದ. ಜಿನ್ಯಾ ಡಬ್ಬಿಗೆ ಹೊಡೀತಿದ್ದ" ಎಂದು ಸೇರಿಸುವ ಅಗತ್ಯವೇನಿದೆ? ನೀನು ಪುಣೆಗೆ ಹೋಗಿ ಕ್ಲಬ್ಬಿನಲ್ಲಿ ಸೇರಿಕೊಂಡೆ, ಸಾಹೇಬರಿಗೆ ಆಟ ಕಲಿಸಿದೆ, ಆಮೇಲೆ ದುಡ್ಡಿನ ಪಂದ್ಯಗಳಿಗೆ ಇಳಿದೆ. ನಾನು ರೈತರ ಮಾಲು ಮಾರಿಕೊಡುವ ಅಪ್ಪನ ಅಡತಿ ಅಂಗಡಿಯ ಗಾದಿಗೆ ಏರಿದೆ. ಗಾದಿಯೂ ಎತ್ತರವೇ, ಆದರೆ ಅದಕ್ಕೆ ಟೀವಿಯವರು ಬರುವುದಿಲ್ಲ.

ಆದರೂ ಒಂದು ವಿಷಯದಲ್ಲಿ ನಾನು ನಿನ್ನ ಸಮಾನ. ರಜೆಯಲ್ಲಿ ನಾವಿಬ್ಬರೂ ಯಾರ್ಡಿನಲ್ಲಿ ಬೆಳೆದವರು. ನಿಮ್ಮ ಅಪ್ಪನ ಬಟ್ಟೆ ಅಂಗಡಿಯಲ್ಲಿ ಬೆಲೆಯನ್ನು ಚೀಟಿಯ ಮೇಲೆ ಬರೆದು ಅಂಟಿಸುತ್ತಿದ್ದರು. ಅದನ್ನು ನಮ್ಮ ಅಪ್ಪ 'ಬತ್ತಲೆ ವ್ಯಾಪಾರ' ಎನ್ನುತ್ತಿದ್ದ. ನಮ್ಮದು ಮಾನದ ವ್ಯಾಪಾರ. ಹಳದಿ ರಾಶಿಯ ಮುಂದೆ ಕೊಳ್ಳುವವ, ಮಾರುವವ ಕೈಕೈ ಹಿಡಿದರೆ ಅದರ ಮೇಲೆ ಹೆಗಲ ವಸ್ತ್ರ ಬೀಳಬೇಕು. ಒಳಗೆ ಬೆರಳು ಬೆಲೆಯ ಭಾವ ಕಟ್ಟುತ್ತವೆ: ಎರಡು ಬೆರಳು ಹಿಡಿದರೆ ಎರಡು, ಅಂಗೈ ಪೂರ ಹಿಡಿದರೆ ಐದು, ಐದು ಹಿಡಿದು ಬಿಟ್ಟು ಎರಡು ಹಿಡಿದರೆ ಏಳು. ಹೊರಗೆ ಮುಖಗಳು ಮಳೆ ಬೆಳೆ ಮಾತಾಡುತ್ತಿರುತ್ತವೆ. ಸುತ್ತ ನಿಂತ ಹತ್ತು ಮಂದಿಗೆ ಬೆವರು ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಅಪ್ಪ ನಮ್ಮಿಬ್ಬರ ಕೈಯನ್ನೂ ತನ್ನ ವಸ್ತ್ರದಡಿ ಹಿಡಿದೇ ನಮಗೆ ಲೆಕ್ಕ ಕಲಿಸಿದ. ನಿನ್ನ ಕೈ ತಣ್ಣಗೆ, ನನ್ನದು ಬಿಸಿ. "ಜಿನೂನ ಕೈ ವ್ಯಾಪಾರಸ್ಥಂದು, ಮಗಾ" ಎಂದು ಅವನು ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ. ನನ್ನ ಹೊಟ್ಟೆಕಿಚ್ಚಿಗೆ ಒಳ್ಳೆಯ ವಯಸ್ಸಾಗಿದೆ ನೋಡು.

ಮೂರು ವರ್ಷದ ಹಿಂದೆ ಬೆಂಗಳೂರಿನ ಪಂದ್ಯಕ್ಕೆ ನಿನಗೆ ಕ್ಯಾಡಿ ಸಿಗದೆ ನನ್ನನ್ನು ಕರೆದೊಯ್ದೆ. ಎದುರಿನ ಆಟಗಾರರು ನೀನು ಯಾವ ನಂಬರಿನ ಕೋಲು ತೆಗೆಯುತ್ತೀ ಎಂದು ನಿನ್ನ ಚೀಲದೊಳಗೆ ಇಣುಕುತ್ತಿದ್ದರು. ನಿನಗೆ ಮೈ ಉರಿಯಿತು. ಚೆಂಡು ಒರೆಸುವ ಟವೆಲ್ಲನ್ನು ನನ್ನ ಮುಂಗೈ ಮೇಲೆ ಹಾಕಿ, ಒಳಗೆ ಕೈ ತೂರಿಸಿ, ಬೆರಳು ಹಿಡಿದೆ. ಐದು, ಮೂರು. ಎಂಟನೇ ನಂಬರು. ನಾನು ಮುಖ ಮೇಲೆತ್ತಿ "ಏನ ಬಿಸಲಲೇ ಇದು" ಎಂದೆ. ಇಬ್ಬರಿಗೂ ನಗೆ ತಡೆಯಲಾಗಲಿಲ್ಲ. ಅಂದಿನಿಂದ ಮೂರು ದಿನ ಆ ಇಡೀ ಕ್ಲಬ್ಬಿನಲ್ಲಿ ನಮ್ಮ ಕೈ ಏನು ಮಾತಾಡುತ್ತದೆಂದು ಯಾರಿಗೂ ತಿಳಿಯಲಿಲ್ಲ.

ಎರಡನೆಯ ದಿನ ಒಬ್ಬ ದೂರು ಕೊಟ್ಟ. ಬಿಳಿ ಮೀಸೆಯ ಪಂಚರು ಬಂದು, ಬೀಗತಿ ಪಾತ್ರೆಯ ಮುಚ್ಚಳ ತೆಗೆಯುವ ಗತ್ತಿನಲ್ಲಿ ಟವೆಲ್ ಎತ್ತಿ ನೋಡಿದರು. ಒಳಗೆ ಎರಡು ಕೈ. ಏನಿದು ಎಂದು ಕೇಳಿದರು. "ನೀವೂ ಹಾಕ್ರಿ" ಎಂದೆ ನೀನು. ಹಾಕಿದರು. ಅಭ್ಯಾಸಬಲದಿಂದ ನಾನು ಅವರ ಬೆರಳು ಹಿಡಿದು ರಾಜಾಪುರಿ ಹಳದಿಯ ಅಂದಿನ ಭಾವ ಹೇಳಿಬಿಟ್ಟೆ. ಅವರು ಬೆಚ್ಚಿ ಕೈ ಕಿತ್ತುಕೊಂಡು, ನಿಯಮದ ಪುಸ್ತಕ ಹಿಂದೆ ಮುಂದೆ ತಿರುವಿ, ಆಟಗಾರನೂ ಅವನ ಕ್ಯಾಡಿಯೂ ಕೈ ಹಿಡಿಯಬಾರದೆಂದು ಎಲ್ಲಿಯೂ ಬರೆದಿಲ್ಲ ಎಂದು ಘೋಷಿಸಿದರು. ನನ್ನ ಜೀವನದಲ್ಲಿ ನಾನು ಕಾನೂನಿನ ಮೂಲಕ ಗೆದ್ದದ್ದು ಅದೊಂದೇ.

ಕೊನೆಯ ದಿನದ ಕೊನೆಯ ಕುಣಿಯ ಬಗ್ಗೆ ಬರೆಯಬಾರದೆಂದಿದ್ದೆ. ಆದರೆ ಊರೆಲ್ಲ ಅದನ್ನು ನನ್ನ ಬೆನ್ನ ಹಿಂದೆ ಹೇಳುವುದಕ್ಕಿಂತ ನಾನೇ ಹೇಳುವುದು ಲೇಸು. ನೀನು ಎಲ್ಲರಿಗಿಂತ ಮುಂದಿದ್ದೆ. ಟವೆಲ್ಲಿನ ಕೆಳಗೆ ಐದು, ಎರಡು ಹಿಡಿದೆ. ಏಳು. ಸರಿಯಾಗಿಯೇ ಇತ್ತು. ಆದರೆ ನಮ್ಮದು ಮೂರು ತಲೆಮಾರಿನ ಅಡತಿ ಅಂಗಡಿ ಜಿನೂ. ಮೊದಲು ಹೇಳಿದ ಅಂಕಿಗೆ ಹೂಂ ಅಂದವನು ನಮ್ಮ ವಂಶದಲ್ಲಿ ಹುಟ್ಟಿಲ್ಲ. ನನ್ನ ಮದುವೆಯಲ್ಲಿ ಉಪಾಧ್ಯೆಯವರು ಏಳು ಹೆಜ್ಜೆ ಅಂದಾಗಲೂ ಅಪ್ಪ "ಐದರಾಗ ಮುಗಸ್ರಿ" ಅಂದಿದ್ದ. ನನ್ನ ಬೆರಳು ನನ್ನನ್ನು ಕೇಳದೆಯೇ ಚೌಕಾಶಿಗೆ ಇಳಿದವು: ಐದು, ಒಂದು. ಆರು. ನಾನು ಗಾಳಿ ನೋಡಿ ಹೇಳಿದೆನೆಂದು ನೀನು ನಂಬಿದೆ. ಆರನೆಯ ಕೋಲು ತೆಗೆದೆ. ಗಾಲ್ಫಿನಲ್ಲಿ ನಂಬರು ಇಳಿದಷ್ಟೂ ಚೆಂಡು ದೂರ ಹೋಗುತ್ತದೆ. ಹಳದಿಗೂ ಗಾಲ್ಫಿಗೂ ಇರುವ ವ್ಯತ್ಯಾಸ ಇದೊಂದೇ. ಚೆಂಡು ಬಾವುಟ ದಾಟಿ, ಹಸಿರು ದಾಟಿ, ಕ್ಲಬ್ಬಿನ ಬೇಲಿಯ ದಾಸವಾಳದೊಳಗೆ ಹೋಗಿ ಕೂತಿತು. ಒಂದು ಹೊಡೆತದಿಂದ ನೀನು ಸೋತೆ.

ಆ ಸಂಜೆ, ಹೊತ್ತು ಮುಳುಗುವ ಮುನ್ನ, ಇಬ್ಬರೂ ಕೋಣೆಯಲ್ಲಿ ಕೂತು ಅವ್ವ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ ತಿನ್ನುವಾಗ ನೀನು ಕಣ್ಣೀರು ಬರುವಷ್ಟು ನಕ್ಕೆ. "ಲೇ ಧನ್ಯಾ, ಇನ್ನೊಂದ ಚೂರ ನಿಂತಿದ್ರ ಐದಕ್ಕ ಇಳಸ್ತಿದ್ದೆಲ್ಲೋ, ಖೋಡಿ." ನಾನೂ ನಕ್ಕೆ. ನಿನ್ನ ಟೋಪಿಯ ಮೇಲೆ ಹೆಸರು ಬರೆಸಿದ್ದ ಪಂಪಿನ ಕಂಪನಿಯವರು ಮಾತ್ರ ನಗಲಿಲ್ಲ. ಮುಂದಿನ ಪಂದ್ಯಕ್ಕೆ ದಿಲ್ಲಿಯಿಂದ ಕಪ್ಪು ಕನ್ನಡಕದ ಕ್ಯಾಡಿ ಬಂದ. ಅದು ನ್ಯಾಯವೇ. ನಾನು ಆಗಲೂ ಮುನಿಸಿಕೊಳ್ಳಲಿಲ್ಲ, ಈಗಲೂ ಇಲ್ಲ. ವ್ಯಾಪಾರದಲ್ಲಿ ದಲ್ಲಾಳಿ ಬದಲಾಗುತ್ತಾನೆ.

ಹೀಗಾಗಿ ಪುಣೆಗೆ ಬರಲಾಗುವುದಿಲ್ಲ. ಮಾರ್ಚ್ ಅಂದರೆ ಹಳದಿಯ ಭರಾಟೆ. ಗಾದಿ ಬಿಟ್ಟರೆ ಪಕ್ಕದ ಅಂಗಡಿಯವನು ನನ್ನ ರೈತರನ್ನೆಲ್ಲ ಚಹಾ ಕುಡಿಸಿ ಎಳೆದುಕೊಳ್ಳುತ್ತಾನೆ. ಮಗಳು ಅನುಜಾಳ ಪರೀಕ್ಷೆ ಇದೆ. ನನ್ನ ಮೊಣಕಾಲಿನಲ್ಲಿ ಒಂದು ಶಬ್ದ ಬರುತ್ತಿದೆ. ನೀನು ಹೊಡೆಯುವ ಹೊತ್ತಿಗೆ ಬಂದರೆ ಮತ್ತೆ ಪಂಚರನ್ನು ಕರೆಯಬೇಕಾದೀತು. ಕಾಲಿನ ಮೀನಖಂಡ ದಪ್ಪವಾಗಿ ನಿಮ್ಮ ಕ್ಯಾಡಿಗಳ ಅರ್ಧ ಚಡ್ಡಿ ನನಗೆ ಶೋಭಿಸುವುದಿಲ್ಲವೆಂದು ಮೃಣಾಲಳೂ ಅಭಿಪ್ರಾಯಪಟ್ಟಿದ್ದಾಳೆ. ಕಾರಣಗಳು ಸಾಲದಿದ್ದರೆ ಬರೆ, ಇನ್ನಷ್ಟು ಕಳಿಸುತ್ತೇನೆ.

ಗೆಲ್ಲು. ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವ ನಿನ್ನ ತಲೆಯ ಮೇಲೆ ಕೈಯಿಟ್ಟಿದ್ದಾಳೆಂದು ತಿಳಿ. ನನ್ನ ತಲೆಯ ಮೇಲಿಂದ ತೆಗೆದೇ ಇಟ್ಟಿದ್ದಾಳೆ. ನೂರು ವರ್ಷ ಬಾಳು, ಯಾಕೆಂದರೆ ನೀನು ಮೊದಲು ಹೋದರೆ ಊರಿನವರು ಸರ್ಕಲ್ಲಿನಲ್ಲಿ ಪುತ್ಥಳಿ ನಿಲ್ಲಿಸುತ್ತಾರೆ, ಅದನ್ನು ದಿನಾ ನೋಡುವ ಶಕ್ತಿ ನನಗಿಲ್ಲ.

ನಿನ್ನ,
ಧನ್ಯಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ. ಮತ್ತೆ ಬಿಚ್ಚಿದೆ.

ಕಲಕತ್ತೆಯ ಪಂದ್ಯವನ್ನು ನಾವೆಲ್ಲ ಮನೆಯಲ್ಲಿ ಕೂತು ನೋಡಿದೆವು. ಕೇಬಲ್ಲಿನವನಿಗೆ ಹೇಳಿ ಆ ಚಾನೆಲ್ ಹಾಕಿಸಿದವನು ನಾನೇ. ನೀರಿನ ಹೊಂಡದ ಕುಣಿಗೆ ಬಂದಾಗ ನೀನು ದೊಡ್ಡ ಕೋಲು ಹಿಡಿದು ನಿಂತಿದ್ದೆ. ನೀರಿನ ಮೇಲಿಂದ ನೇರ ಹೊಡೆಯುವ ಹುಚ್ಚು ನಿನ್ನ ಭುಜದಲ್ಲಿ ನನಗೆ ಕಾಣಿಸಿತು. ಆಗ ಆ ದಿಲ್ಲಿಯವನು ಹತ್ತಿರ ಬಂದು ಟವೆಲ್ ಹಾಸಿದ. ನೀನು ಒಳಗೆ ಕೈ ಇಟ್ಟೆ.

ಮೃಣಾಲ ನನ್ನ ಕಡೆ ನೋಡಿದಳು. ನಾನು ಮಳೆ ಬೆಳೆ ಮಾತಾಡುವ ಮುಖ ಮಾಡಿದೆ. ಟೀವಿಯಲ್ಲಿ ಇಂಗ್ಲಿಷಿನಲ್ಲಿ ಆಟದ ವಿವರಣೆ ಹೇಳುತ್ತಿದ್ದವನು ಏನೋ ಅಂದ, ಅನುಜಾ ಅರ್ಥ ಹೇಳಿದಳು: "ಪಪ್ಪಾ, ಇದು ಆ ಕ್ಯಾಡೀದ ಆಯಡಿಯಾ ಅಂತ. ಶಾಣ್ಯಾ ಅದಾನ, ಹುಶಾರ ಆಹೇ, ನಾ?" ಅಂಕಿಗಳ ಬಗ್ಗೆ ನನಗೇನೂ ಇಲ್ಲ ಜಿನೂ. ಅಂಕಿಗಳು ಪೇಟೆಯವು, ಯಾರಿಗಾದರೂ ಕಲಿಸು.

ಆದರೆ ನೀನು ಕೈ ಹೊರಗೆ ತೆಗೆದೆ, ಒಂದು ಕ್ಷಣ ನಿಂತೆ, ಆಮೇಲೆ ದೊಡ್ಡ ಕೋಲನ್ನು ಚೀಲಕ್ಕೆ ಹಾಕಿ ಸಣ್ಣದನ್ನು ತೆಗೆದು ನೀರಿನ ಈಚೆಗೇ ಹೊಡೆದೆ. ಅಂಕಿ ಬದಲಿಸಿದರೆ ಮನುಷ್ಯ ಹಾಗೆ ನಿಲ್ಲುವುದಿಲ್ಲ. ಅಂಗೈಯಲ್ಲಿ ಹೆಬ್ಬೆರಳ ಉಗುರು ಒಮ್ಮೆ ಗೀರಿದರೆ ಹಾಗೆ ನಿಲ್ಲುತ್ತಾನೆ. 'ಬ್ಯಾಡ, ಬಿಡು.' ಅದು ಪೇಟೆಯ ಸನ್ನೆಯಲ್ಲ. ಹುಳುಕು ಹಳದಿಗೆ ನಾವು ಮರುಳಾಗಿ ಸೋಲುವ ಹೊತ್ತಿನಲ್ಲಿ ಅಪ್ಪ ನಮ್ಮಿಬ್ಬರಿಗೆ ಮಾತ್ರ ಇಟ್ಟುಕೊಂಡಿದ್ದ ಮನೆಯ ಸನ್ನೆ.

ಅಪ್ಪ ಕೊನೆಯ ಸಲ ಮಿರಜಿನ ಆಸ್ಪತ್ರೆಯಲ್ಲಿದ್ದಾಗ ನೀನು ನಡುವೆ ಪಂದ್ಯ ಬಿಟ್ಟು ಬಂದಿದ್ದೆ. ಇನ್ನೊಮ್ಮೆ ಕೊಯ್ದು ನೋಡೋಣವೆಂದು ಡಾಕ್ಟರು ನಮಗೆ ವಿವರಿಸುತ್ತಿದ್ದರು. ಅಪ್ಪನಿಗೆ ಮಾತು ನಿಂತಿತ್ತು. ಚಾದರದ ಕೆಳಗೆ ಅವನ ಒಂದು ಕೈ ನನ್ನ ಕೈಯಲ್ಲಿ, ಇನ್ನೊಂದು ನಿನ್ನ ಕೈಯಲ್ಲಿ. ಹೊರಗೆ ಬಂದ ಮೇಲೆ ನೀನು ಕೇಳಿದೆ: "ನಿನಗೂ ಗೀರಿದರೇನ?" ಹೂಂ ಎಂದೆ. ಇಬ್ಬರೂ ಒಳಗೆ ಹೋಗಿ ಬೇಡವೆಂದೆವು. ಅಪ್ಪ ಎರಡೂ ಕೈಗೆ ಸಮಸಮ ಕೊಟ್ಟು ಹೋದ ಆಸ್ತಿ ಅದು. ಜೀವನದಲ್ಲಿ ಅದೊಂದರ ಬಗ್ಗೆ ನಾನು ನಿನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟಿರಲಿಲ್ಲ.

ಅದನ್ನು ಆ ದಿಲ್ಲಿಯವನಿಗೆ ಕಲಿಸಿದೆಯಾ?

ಬರೆದು ತಿಳಿಸಬೇಡ. ನೀನು ಬರೆದದ್ದಕ್ಕೆ ನಾನು ಚೌಕಾಶಿ ಮಾಡುತ್ತೇನೆ. ಎದುರಿಗೆ ಕೂತು, ಮೇಲೊಂದು ವಸ್ತ್ರ ಹಾಕಿ, ಕೈ ಕೊಟ್ಟು ಹೇಳಬೇಕು. ಕೈ ಸುಳ್ಳು ಹೇಳಿದರೆ ನನಗೆ ತಿಳಿಯುತ್ತದೆ.

ಬೆಂಗಳೂರಿನಲ್ಲಿ ನಿನ್ನ ಚೀಲ ಹೊರುವಾಗ ನಾನು ಹಾಕಿದ್ದ ಬಿಳಿ ಕ್ಯಾನ್ವಾಸ್ ಬೂಟುಗಳನ್ನು ಮೃಣಾಲ ಇವತ್ತು ತೊಳೆದು ಗಚ್ಚಿಯ ಮೇಲೆ ಬಿಸಿಲಿಗಿಟ್ಟಿದ್ದಾಳೆ. ನಾನು ಇಡು ಎಂದಿರಲಿಲ್ಲ. ಸಂಜೆ ಇಬ್ಬನಿ ಬೀಳುವ ಮುನ್ನ ನಾನೇ ಹೋಗಿ ಒಳಗೆ ತಂದೆ.